ಕುರಿಮಂದೆಯೂ ವಂಶವೃಕ್ಷವೂ



ನಾರ್ತಾಂಪ್ಟನ್‌ಷೈರಿನ ಆಲ್ಥಾರ್ಪ್ ಬಂಗಲೆಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ರಾಜಕುಮಾರಿ ಡಯಾನಾಳ ತವರು ಅದು. ಅವಳ ಸಮಾಧಿ ಇರುವುದೂ ಅಲ್ಲಿಯ ಕೊಳದ ನಡುಗಡ್ಡೆಯಲ್ಲಿ. ಆ ಸ್ಪೆನ್ಸರ್ ಮನೆತನದ ಮೂಲ ಯಾವುದು ಎಂಬುದು ಕೇವಲ ಕುತೂಹಲದ ಪ್ರಶ್ನೆಯಲ್ಲ. ಭೂಮಿ ಯಾರ ಕೈಗೆ ಹೇಗೆ ಬಂತು ಎಂಬ ಪ್ರಶ್ನೆ ಅದರ ಬೆನ್ನಿಗಿದೆ.

ಎಲಿಜಬೆತ್ ರಾಣಿಯ ಕಾಲದಲ್ಲಿ, 1595ರಲ್ಲಿ, ಕ್ಲಾರೆನ್ಸೂ ಎಂಬ ಪದವಿಯ ರಾಜಲಾಂಛನಾಧಿಕಾರಿ ರಿಚರ್ಡ್ ಲೀ ಈ ಮನೆತನಕ್ಕೊಂದು ವಂಶಾವಳಿ ಕೊಟ್ಟನು. ಅದರ ಪ್ರಕಾರ ಸ್ಪೆನ್ಸರರು ಮಧ್ಯಯುಗದ ಡಿಸ್ಪೆನ್ಸರ್ ಸರದಾರರ ಕುಡಿಗಳು. ಡಿಸ್ಪೆನ್ಸರರೆಂದರೆ ಸಾಮಾನ್ಯರಲ್ಲ, ಎರಡನೆಯ ಎಡ್ವರ್ಡ್ ದೊರೆಯ ಆಪ್ತರಾಗಿ ಮೆರೆದು, 1326ರಲ್ಲಿ ತಂದೆ ಮಗ ಇಬ್ಬರೂ ಮರಣದಂಡನೆಗೆ ಗುರಿಯಾದವರು. ಅಂಥ ಪೂರ್ವಜರೂ ಒಂದು ಮನೆತನಕ್ಕೆ ಭೂಷಣವಾಗುವುದು ವಂಶಾಭಿಮಾನದ ವಿಚಿತ್ರ ಗುಣ. ಇನ್ನು ಡಿಸ್ಪೆನ್ಸರ್ ಎಂಬುದರ ಅರ್ಥ ನಮ್ಮ 'ಉಗ್ರಾಣಿ' ಎಂಬುದಕ್ಕೆ ಬಹಳ ಹತ್ತಿರ: ದೊಡ್ಡ ಮನೆಗಳಲ್ಲಿ ದಿನಸಿ ಅಳೆದು ಕೊಡುವವನು. ಉಗ್ರಾಣವಿದ್ದ ಕಡೆಯಲ್ಲೆಲ್ಲ ಒಬ್ಬ ಉಗ್ರಾಣಿ ಇದ್ದೇ ಇದ್ದ. ಹೆಸರೊಂದರಿಂದಲೇ ರಕ್ತಸಂಬಂಧ ಸಿದ್ಧವಾಗುವುದಾದರೆ ನಮ್ಮ ಶಾನುಭೋಗರೆಲ್ಲ ದಾಯಾದಿಗಳಾಗಬೇಕು!

1901ರಲ್ಲಿ ಇತಿಹಾಸಕಾರ ಜೆ. ಹೊರೇಸ್ ರೌಂಡ್ ಈ ವಂಶಾವಳಿಯನ್ನು ಒರೆಗೆ ಹಚ್ಚಿದನು. ಬೇರೆ ಬೇರೆ ದಾಖಲೆಗಳಲ್ಲಿ ದೊರೆತ ಬೇರೆ ಬೇರೆ ಸ್ಪೆನ್ಸರರನ್ನು ಲೀ ಒಂದೇ ದಾರದಲ್ಲಿ ಪೋಣಿಸಿದ್ದನೆಂದು ತೋರಿಸಿದನು. ಊರಿಗೆ ಎತ್ತನ್ನೇರಿ ಬಂದು ಮನೆಮನೆಯ ವಂಶ ಹೇಳುತ್ತಿದ್ದ ಹೆಳವರು ನನಗೆ ಇಲ್ಲಿ ನೆನಪಾಗುತ್ತಾರೆ. ಅವರು ಕಾಳುಕಡಿಯಲ್ಲೇ ತೃಪ್ತರು. ಇನ್ನೊಂದು ಸಾಕ್ಷಿ ಲೀಗೆ ಇನ್ನೂ ಪ್ರತಿಕೂಲ. 1504ರಲ್ಲಿ ಸ್ಪೆನ್ಸರರಿಗೆ ದೊರೆತ ಲಾಂಛನದಲ್ಲಿದ್ದುದು ಕಡಲಹಕ್ಕಿಗಳ ತಲೆಗಳು. ಡಿಸ್ಪೆನ್ಸರರ ಲಾಂಛನದ ಸುಳಿವೂ ಅಲ್ಲಿಲ್ಲ. ತಾವು ಆ ಕುಲದವರೆಂದು ಅಂದೇ ತಿಳಿದಿದ್ದರೆ ಹೊಸ ಲಾಂಛನ ಬೇಡುವ ಅಗತ್ಯವೇನಿತ್ತು?

ಹಾಗಾದರೆ ದಾಖಲೆ ಏನನ್ನು ಹೇಳುತ್ತದೆ? ಹದಿನೈದನೆಯ ಶತಮಾನದ ಉತ್ತರಾರ್ಧದಲ್ಲಿ ವಾರಿಕ್‌ಷೈರ್, ನಾರ್ತಾಂಪ್ಟನ್‌ಷೈರ್‌ಗಳಲ್ಲಿ ಹುಲ್ಲುಗಾವಲು ಗುತ್ತಿಗೆ ಹಿಡಿದು ಕುರಿ ಮೇಯಿಸಿ ಬೆಳೆದ ಕುಟುಂಬವಿದು. ಉಣ್ಣೆ, ಮಾಂಸ ಎರಡಕ್ಕೂ ಬೆಲೆಯಿದ್ದ ಕಾಲ. ಜಾನ್ ಸ್ಪೆನ್ಸರ್ 1506ರಲ್ಲಿ ವರ್ಮ್‌ಲೇಟನ್ ಗ್ರಾಮವನ್ನೂ 1508ರಲ್ಲಿ ಆಲ್ಥಾರ್ಪನ್ನೂ ಕೊಂಡನು. ವರ್ಮ್‌ಲೇಟನ್ನನ್ನು ಅವನಿಗಿಂತ ಮುಂಚೆ ವಿಲಿಯಂ ಕೋಪ್ ಎಂಬಾತ ಬರಿದು ಮಾಡಿದ್ದನು. ಉಳುವ ಹೊಲಗಳಿಗೆ ಬೇಲಿ ಹಾಕಿ ಹುಲ್ಲು ಬೆಳೆಸಿದನು. 12 ಮನೆಗಳು, 3 ಗುಡಿಸಲುಗಳು ಹಾಳಾದವು, 60 ಮಂದಿ ನೆಲೆ ತಪ್ಪಿದರು. 1517ರಲ್ಲಿ ಸರ್ಕಾರ ಇಂಥ ಒಕ್ಕಲೆಬ್ಬಿಸುವಿಕೆಯ ವಿಚಾರಣೆ ನಡೆಸಿತು. ಹೊಲಗಳನ್ನು ಮತ್ತೆ ಉಳುಮೆಗೆ ಬಿಡಬೇಕೆಂಬ ಒತ್ತಾಯ ಬಂದಾಗ ಸ್ಪೆನ್ಸರ್ ದೊರೆಗೆ ಅರಿಕೆ ಮಾಡಿಕೊಂಡನು: ಬೇಲಿ ಹಾಕಿದವನು ತಾನಲ್ಲ, ತಾನು ಮನೆ ಕಟ್ಟಿಸಿದ್ದೇನೆ, ಚರ್ಚನ್ನು ದುರಸ್ತಿ ಮಾಡಿಸಿದ್ದೇನೆ, ಮರ ನೆಡಿಸಿದ್ದೇನೆ. ಅದು ಸುಳ್ಳೆಂದು ನಾನು ಹೇಳಲಾರೆ. ಆದರೆ ಬರಿದಾದ ಊರಿನ ಹುಲ್ಲಿನ ಮೇಲೆಯೇ ಅವನ ಮಂದೆ ಮೇಯುತ್ತಿತ್ತು.

1603ರಲ್ಲಿ ಅವನ ವಂಶದ ರಾಬರ್ಟ್ ಸ್ಪೆನ್ಸರ್ ಬ್ಯಾರನ್ ಆದನು. 1621ರಲ್ಲಿ ಪಾರ್ಲಿಮೆಂಟಿನ ಮೇಲ್ಮನೆಯಲ್ಲಿ ಅವನು ಪೂರ್ವಿಕರ ಮಾತೆತ್ತಿದಾಗ, ನಿಮ್ಮ ಹಿರಿಯರು ಆಗ ಕುರಿ ಕಾಯುತ್ತಿದ್ದರು ಎಂದು ಅರಂಡೆಲ್‌ನ ಅರ್ಲ್ ಮೂದಲಿಸಿದನಂತೆ. ಹೌದು, ಅವರು ಕುರಿ ಕಾಯುತ್ತಿದ್ದಾಗ ನಿಮ್ಮವರು ರಾಜದ್ರೋಹ ಹೂಡುತ್ತಿದ್ದರು ಎಂದು ಸ್ಪೆನ್ಸರ್ ತಿರುಗಿ ಹೇಳಿದನಂತೆ. ಅರಂಡೆಲ್‌ನ ಅಜ್ಜ ಶಿರಚ್ಛೇದಕ್ಕೀಡಾದವನು, ತಂದೆ ಸೆರೆಯಲ್ಲಿ ಸತ್ತವನು, ಮಾತು ನಾಟಿತು. ಲೀ ಹೊಸೆದ ವಂಶಾವಳಿ ಕೈಯಲ್ಲಿದ್ದೂ ಸ್ಪೆನ್ಸರ್ ಆ ಹೊತ್ತಿನಲ್ಲಿ ಅದನ್ನು ಮುಂದಿಡದೆ ಕುರಿಗಳನ್ನೇ ಒಪ್ಪಿಕೊಂಡನೆಂಬುದು ನನಗೆ ಮೆಚ್ಚುಗೆ.

ಲಾಂಛನದಲ್ಲಿ ಮಾತ್ರ ಡಿಸ್ಪೆನ್ಸರರ ಗುರುತುಗಳು ಉಳಿದವು. ವರ್ಮ್‌ಲೇಟನ್ನಿನ ಹಳೆಯ ಊರು ಇದ್ದ ಜಾಗದಲ್ಲಿ ಹುಲ್ಲಿನಡಿಯ ದಿಬ್ಬಗಳು, ಮೀನುಗೊಳಗಳ ತಗ್ಗುಗಳು, ನೇಗಿಲ ಸಾಲುಗಳ ಏರಿಳಿತ ಇಂದಿಗೂ ಕಾಣುತ್ತವೆ. ಇಳಿಬಿಸಿಲಿನಲ್ಲಿ ನೋಡಿದರೆ ಸ್ಪಷ್ಟವಾಗಿ ಕಾಣುತ್ತವೆ.