ಬಸುರಿಯ ಮಾತಿಗೆ ಬೆಲೆಯಿರಲಿ
(ಹೈದರಾಬಾದಿನ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದಾಗ, ತುಂಬು ಬಸುರಿಯಾದ ನನ್ನ ಹೆಂಡತಿ ತಲೆನೋವು, ಕಣ್ಣು ಮಂಜು ಎಂದಳು. ಆಸ್ಪತ್ರೆಯಲ್ಲಿ “ಈ ಕೂಲಿಯವರು ಗೋಳಾಡುವುದೇ ಹೀಗೆ” ಎಂದು ಹೊರಗೆ ಕೂರಿಸಿದರು. ಅವಳ ರಕ್ತದೊತ್ತಡ ಏರಿತ್ತು. ಉಳಿದದ್ದು ನಮ್ಮ ಪುಣ್ಯ.

ಅಮೆರಿಕದಲ್ಲಿ 2021ರಲ್ಲಿ ಲಕ್ಷ ಶಿಶುಜನನಕ್ಕೆ ಬಿಳಿಯ ತಾಯಂದಿರು ಸುಮಾರು 27 ಮಂದಿ ಸತ್ತರೆ, ಕಪ್ಪು ವರ್ಣದವರು 70 ಮಂದಿ ಸತ್ತರು. ಅಲ್ಲಿ ಬಣ್ಣ ಅಡ್ಡ ಬರುತ್ತದೆ. ಇಲ್ಲಿ ಜಾತಿ, ಬಡತನ, ಭಾಷೆ.

2011ರ ಕೇಂದ್ರ ಯೋಜನೆಯಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧ, ರಕ್ತ ಎಲ್ಲವೂ ಉಚಿತ. ಅದು ಭಿಕ್ಷೆಯಲ್ಲ, ಹಕ್ಕು. ತೆಲುಗು ಬಾರದ ತಾಯಿಯ ಜೊತೆ ಬಲ್ಲವರೊಬ್ಬರು ಹೋಗಿರಿ. “ರಕ್ತದೊತ್ತಡ ನೋಡಿ” ಎಂದು ಧೈರ್ಯವಾಗಿ ಕೇಳಿರಿ. ಒಬ್ಬರ ದನಿ ಸಾಲದಿದ್ದರೆ ಹತ್ತು ಮಂದಿ ಕೂಡಿ ಕೇಳೋಣ.