ಒಂದು ಬೀದಿ, ಒಂದು ಮನೆ, ಒಂದು ಉಳಿತಾಯ



ಇವತ್ತು ನಾವು ದೂರದ ಒಂದು ಬೀದಿಯ ಕಥೆ ಕೇಳೋಣ. ಅಮೆರಿಕದ ಬಾಸ್ಟನ್ ನಗರದ ಬೀಕನ್ ಹಿಲ್ ಎಂಬ ಗುಡ್ಡದ ಉತ್ತರ ಇಳಿಜಾರಿನಲ್ಲಿ 19ನೆಯ ಶತಮಾನದಲ್ಲಿ ಕಪ್ಪು ಜನರು ತುಂಬಾ ಮಂದಿ ವಾಸವಾಗಿದ್ದರು. ಅಲ್ಲಿಯ ಸೌತಾಕ್ ಬೀದಿಗೆ ಈಗ ಫಿಲಿಪ್ಸ್ ಬೀದಿ ಅಂತ ಹೆಸರು.

ಆಗ ಆ ದೇಶದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನರನ್ನು ದನಕರುಗಳ ಹಾಗೆ ಮಾರುತ್ತಿದ್ದರು. ಕೆಂಟಕಿಯಲ್ಲಿ ಗುಲಾಮರಾಗಿದ್ದ ಲೂಯಿಸ್ ಹೇಡನ್ ಅವರ ಮೊದಲ ಹೆಂಡತಿಯನ್ನೂ ಮಗನನ್ನೂ ಹೀಗೇ ಮಾರಿಬಿಟ್ಟರು. ಲೂಯಿಸ್ ಮತ್ತೆ ಅವರ ಮುಖ ನೋಡಲಿಲ್ಲ. 1844ರಲ್ಲಿ ಅವರು ಎರಡನೆಯ ಹೆಂಡತಿ ಹ್ಯಾರಿಯೆಟ್ ಮತ್ತು ಆಕೆಯ ಮಗನ ಜೊತೆ ತಪ್ಪಿಸಿಕೊಂಡರು. ಸಹಾಯ ಮಾಡಿದ ಶಿಕ್ಷಕಿ ಡೀಲಿಯಾ ವೆಬ್‌ಸ್ಟರ್, ಪಾದ್ರಿ ಕ್ಯಾಲ್ವಿನ್ ಫೇರ್‌ಬ್ಯಾಂಕ್ ಇಬ್ಬರಿಗೂ ಜೈಲಾಯಿತು. ಬಾಸ್ಟನ್‌ನಲ್ಲಿ ಬಟ್ಟೆ ಅಂಗಡಿ ಇಟ್ಟ ಲೂಯಿಸ್ ಆ ಉಪಕಾರ ಮರೀಲಿಲ್ಲ. ಹತ್ತಾರು ಜನರಿಂದ ಚಂದಾ ಎತ್ತಿ, 650 ಡಾಲರ್ ಕೂಡಿಸಿ, 1849ರಲ್ಲಿ ಫೇರ್‌ಬ್ಯಾಂಕ್ ಅವರ ಬಿಡುಗಡೆ ಮಾಡಿಸಿದರು.

1850ರಲ್ಲಿ ಕಠಿಣ ಕಾನೂನು ಬಂತು. ಓಡಿಬಂದವರಿಗೆ ಆಶ್ರಯ ಕೊಟ್ಟರೆ 1000 ಡಾಲರ್ ತನಕ ದಂಡ, ಆರು ತಿಂಗಳ ತನಕ ಜೈಲು. ಹಾಗಿದ್ದರೂ ಸೌತಾಕ್ ಬೀದಿಯ 66ನೆಯ ನಂಬರಿನ ಮನೆಯ ಬಾಗಿಲು ಮುಚ್ಚಲಿಲ್ಲ. ಬಾಡಿಗೆಗೆ ಇರುವವರನ್ನು ಇಟ್ಟುಕೊಂಡು ಆ ಮನೆ ನಡೆಸುತ್ತಿದ್ದವರು ಹ್ಯಾರಿಯೆಟ್. ಅವರ ನಡುವೆಯೇ ಓಡಿಬಂದವರಿಗೂ ಜಾಗ, ಊಟ.

ಎಲೆನ್ ಕ್ರಾಫ್ಟ್ ಎಂಬಾಕೆ 1848ರಲ್ಲಿ ಕೂದಲು ಕತ್ತರಿಸಿ, ಬಿಳಿಯ ಯಜಮಾನನ ವೇಷ ಹಾಕಿ, ಗಂಡ ವಿಲಿಯಂ ಅವರನ್ನು ತನ್ನ ಆಳೆಂದು ತೋರಿಸಿ ಜಾರ್ಜಿಯಾದಿಂದ ಪಾರಾಗಿ ಬಂದಿದ್ದರು. ಓದುಬರಹ ಬಾರದು, ಎಲ್ಲಾದರೂ ಸಹಿ ಕೇಳಿದರೆ ಏನು ಮಾಡೋದು? ಅದಕ್ಕೇ ಬಲಗೈಗೆ ಪಟ್ಟಿ ಕಟ್ಟಿಕೊಂಡಿದ್ದರು! 1850ರಲ್ಲಿ ಅವರನ್ನು ಹಿಡಿಯುವವರು ಬಾಸ್ಟನ್ನಿಗೇ ಬಂದರು. ವಿಲಿಯಂ ಹೇಡನ್ನರ ಮನೆ ಸೇರಿದರು. 'ಮನೆಯಲ್ಲಿ ಮದ್ದಿನ ಪುಡಿ ಇದೆ, ಒಳಗೆ ಬಂದರೆ ಸಿಡಿಸಿಬಿಡುತ್ತೇವೆ' ಅಂತ ಲೂಯಿಸ್ ಹೇಳಿದರಂತೆ. ಬಂದವರು ಬರಿಗೈಲಿ ಹೋದರು. ಕ್ರಾಫ್ಟ್ ದಂಪತಿ ಇಂಗ್ಲೆಂಡಿಗೆ ತಲುಪಿದರು.

1865ರಲ್ಲಿ ಗುಲಾಮಗಿರಿ ಕಾನೂನಿನಿಂದ ರದ್ದಾಯಿತು. 1889ರಲ್ಲಿ ಲೂಯಿಸ್, 1893ರಲ್ಲಿ ಹ್ಯಾರಿಯೆಟ್ ತೀರಿಕೊಂಡರು. ಹ್ಯಾರಿಯೆಟ್ ತಮ್ಮ ಆಸ್ತಿಯನ್ನು ಹಾರ್ವರ್ಡ್ ವೈದ್ಯಕೀಯ ಕಾಲೇಜಿಗೆ ಬರೆದಿಟ್ಟಿದ್ದರು, ಕಪ್ಪು ವಿದ್ಯಾರ್ಥಿಗಳ ವಿದ್ಯಾರ್ಥಿವೇತನಕ್ಕಾಗಿ. ಯೋಚಿಸಿ ನೋಡಿ, ಸಂತೆಯ ಸರಕಾಗಿದ್ದ ಹೆಣ್ಣು ಮಗಳು ಡಾಕ್ಟರರನ್ನು ಓದಿಸಲು ಹಣ ಬಿಟ್ಟು ಹೋದಳು.

ಮುಂದಿನ ವಾರದ ಸಭೆಯಲ್ಲಿ ಉಳಿತಾಯ ಕಟ್ಟಿದ ಮೇಲೆ ನಾವೆಲ್ಲ ಕೂತು ಮಾತಾಡೋಣ: ನಮ್ಮ ಬೀದಿಯಲ್ಲಿ ರಾತ್ರಿ ಹೊತ್ತು ಹೆದರಿ ಬಂದ ಹೆಂಗಸಿಗೆ ಬಾಗಿಲು ತೆರೆಯುವ ಮನೆ ಯಾವುದು? ನಮ್ಮ ಸಂಘದ ಹಣ ನಾವು ನೋಡದ ಮಕ್ಕಳಿಗೂ ತಲುಪಬೇಕಾದರೆ ಏನು ಮಾಡಬೇಕು?