ನೀರನ್ನು ಬಿಟ್ಟೇಳುವ ದೋಣಿ

ದೋಣಿಯೆಂದೊಡನೆ ನಮ್ಮಲ್ಲಿ ಬಹುಮಂದಿಯ ಮನಸ್ಸಿಗೆ ಬರುವುದು ನಿಧಾನಗತಿ. ಅಂಬಿಗನು ಹುಟ್ಟು ಹಾಕುತ್ತಾನೆ, ದಡ ಮೆಲ್ಲನೆ ಹಿಂದೆ ಸರಿಯುತ್ತದೆ. ಈ ಸಂಜೆ ನಾನು ಹೇಳಹೊರಟಿರುವ ದೋಣಿಯ ಸ್ವಭಾವವು ಇದಕ್ಕೆ ತೀರ ವಿರುದ್ಧವಾದುದು. ನಾನು ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸುವವನು. ಯಂತ್ರಶಾಸ್ತ್ರ ನನ್ನ ವಿದ್ಯೆಯಲ್ಲ. ಇಯಾನ್ ಫ್ಲೆಮಿಂಗನ 1954ರ ಕಾದಂಬರಿ ‘ಲಿವ್ ಅಂಡ್ ಲೆಟ್ ಡೈ’ಯನ್ನು ಓದಿ ಮುಗಿಸಿದ ವಿದ್ಯಾರ್ಥಿಯೊಬ್ಬನು, “ದೋಣಿ ಹಾರುವ ಪ್ರಸಂಗ ಎಲ್ಲಿದೆ ಸಾರ್?” ಎಂದು ಕೇಳಿದುದೇ ಈ ಭಾಷಣಕ್ಕೆ ಮೂಲ. ಆ ಪ್ರಸಂಗ ಪುಸ್ತಕದಲ್ಲಿಲ್ಲ. ಅದು 1973ರಲ್ಲಿ ತೆರೆಕಂಡ ಚಲಚ್ಚಿತ್ರದ ಸೃಷ್ಟಿ.

ಔಟ್‌ಬೋರ್ಡ್ ಎಂದರೆ ದೋಣಿಯ ಹಿಂಭಾಗದ ಹಲಗೆಗೆ ಹೊರಗಡೆಯಿಂದ ತೂಗುಹಾಕಿದ ಮೋಟಾರು. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದಲ್ಲಿ ನೆಲಸಿದ ಓಲೆ ಎವಿನ್‌ರೂಡ್ ಎಂಬಾತನು 1909ರಲ್ಲಿ ಇಂತಹ ಯಂತ್ರವನ್ನು ಮಾರಾಟಕ್ಕೆ ತಂದನು. ಅದರ ಬಲ ಒಂದೂವರೆ ಅಶ್ವಶಕ್ತಿ. ತೂಕ 62 ಪೌಂಡು. ಸುಡುಬಿಸಿಲಿನ ದಿನ ತನ್ನ ಭಾವೀ ಪತ್ನಿಗಾಗಿ ಸರೋವರದಾಚೆಯಿಂದ ಐಸ್‌ಕ್ರೀಂ ತರಲು ಹುಟ್ಟು ಹಾಕಿ ಬಳಲಿದಾಗ ಅವನಿಗೆ ಈ ಯೋಚನೆ ಹೊಳೆಯಿತೆಂದು ಕಥೆಯುಂಟು. ತಂದ ಐಸ್‌ಕ್ರೀಂ ಕರಗಿತ್ತಂತೆ.

ಮೋಟಾರಿನ ಬಲ ಬೆಳೆದಂತೆ ದೋಣಿಯ ನಡೆಯೇ ಮಾರ್ಪಟ್ಟಿತು. ಕೆರೆಯ ಮೇಲೆ ಓರೆಯಾಗಿ ಎಸೆದ ಚಪ್ಪಟೆ ಕಲ್ಲು ಮುಳುಗದೆ ಪುಟಿಯುತ್ತ ಹೋಗುವುದನ್ನು ನೀವೆಲ್ಲ ಬಲ್ಲಿರಿ. ವೇಗ ಮಿತಿಮೀರಿದಾಗ ದೋಣಿಯೂ ನೀರನ್ನು ಸೀಳುವುದನ್ನು ಬಿಟ್ಟು ಅದರ ಮೇಲೆ ಜಾರತೊಡಗುತ್ತದೆ. ಆಗ ನೀರನ್ನು ಮುಟ್ಟಿರುವುದು ಹಿಂಭಾಗದ ಅಂಗೈಯಗಲದಷ್ಟು ತಳ ಮಾತ್ರವೆಂದರೆ ಅತಿಶಯೋಕ್ತಿಯಾದೀತು. ಆದರೆ ಬಹಳ ಹೆಚ್ಚಿಲ್ಲ. ಇಷ್ಟು ಅಲ್ಪವಾದ ಆಧಾರದ ಮೇಲೆ ನಿಂತ ದೋಣಿಯು ಎಡಕ್ಕೂ ಬಲಕ್ಕೂ ಹೊಯ್ದಾಡತೊಡಗಿತೆಂದರೆ, ಗಾಬರಿಯಿಂದ ಚಕ್ರವನ್ನು ತಿರುಗಿಸಿದಷ್ಟೂ ಆ ಹೊಯ್ದಾಟ ಹೆಚ್ಚುತ್ತದೆ.

ಈ ದೋಣಿಗೆ ಪ್ರತ್ಯೇಕವಾದ ಚುಕ್ಕಾಣಿಯಿಲ್ಲ. ಇಡೀ ಮೋಟಾರೇ ತಿರುಗುತ್ತದೆ. ನೂಕುವ ಬಲವೂ ಅದರೊಡನೆ ತಿರುಗುತ್ತದೆ. ಆದುದರಿಂದಲೇ ನಿಪುಣನು ಓಡುವ ದೋಣಿಯನ್ನು ಹಿಂಬದಿಯಿಂದ ಪಕ್ಕಕ್ಕೆ ಜಾರಿಸಿ, ಬಂದ ದಾರಿಗೇ ಮೂತಿ ಹೊರಳಿಸಬಲ್ಲನು. ನೋಡುವವರಿಗೆ ಅದು ನೃತ್ಯ. ಆದರೆ ಜಾರಬೇಕಾದ ಅಂಚು ನೀರಿನಲ್ಲಿ ಕಚ್ಚಿಕೊಂಡಿತೋ, ದೋಣಿ ತಟ್ಟನೆ ನಿಲ್ಲುತ್ತದೆ, ಒಳಗಿರುವವನು ನಿಲ್ಲುವುದಿಲ್ಲ.

ಇನ್ನು ಆ ಹಾರಾಟ. 1972ರಲ್ಲಿ ಲೂಯಿಸಿಯಾನದ ಜೌಗು ಕಾಲುವೆಗಳಲ್ಲಿ ಅದರ ಚಿತ್ರೀಕರಣ ನಡೆಯಿತು. ಗ್ಲಾಸ್ಟ್ರಾನ್ ಸಂಸ್ಥೆ ಈ ಚಿತ್ರಕ್ಕಾಗಿ 26 ದೋಣಿಗಳನ್ನು ಕಟ್ಟಿಕೊಟ್ಟಿತು. 17 ದೋಣಿಗಳು ಅಭ್ಯಾಸದಲ್ಲಿಯೇ ನಾಶವಾದುವು. ಜೆರಿ ಕೋಮೋ ಎಂಬ ಸಾಹಸಿಯು 135 ಅಶ್ವಶಕ್ತಿಯ ಮೋಟಾರಿನ ದೋಣಿಯನ್ನು ಇಳಿಜಾರು ಹಲಗೆಯ ಮೇಲೆ ಹತ್ತಿಸಿ 110 ಅಡಿ ದೂರ ಹಾರಿಸಿದನು. ಅದು ಆಗಿನ ವಿಶ್ವದಾಖಲೆ. ಚಾಲಕನು ಒಂದು ಪಕ್ಕದಲ್ಲಿ ಕುಳಿತರೆ ದೋಣಿಯು ಗಾಳಿಯಲ್ಲಿ ಆ ಕಡೆಗೇ ವಾಲುವುದರಿಂದ, ಚಕ್ರವನ್ನು ನಡುಮಧ್ಯಕ್ಕೆ ತಂದಿದ್ದರು. ತೆರೆಯ ಮೇಲೆ ನಾಯಕನು ನಸುನಗುತ್ತ ದಾಟಿಹೋಗುತ್ತಾನೆ. ನೀರನ್ನು ಬಿಟ್ಟ ಕ್ಷಣ ತಡೆಯುವುದೇನೂ ಇಲ್ಲದೆ ಮೋಟಾರು ಹುಚ್ಚೆದ್ದು ತಿರುಗುವುದು, ಮೂತಿ ಮೊದಲು ಬಿದ್ದರೆ ದೋಣಿ ನೀರೊಳಕ್ಕೆ ನುಗ್ಗುವುದು, ಚಪ್ಪಟೆಯಾಗಿ ಬಿದ್ದರೆ ಪೆಟ್ಟೆಲ್ಲ ಚಾಲಕನ ಬೆನ್ನೆಲುಬಿಗೆ ತಗಲುವುದು, ಇವು ಯಾವುವೂ ಆ ನಗೆಯಲ್ಲಿ ಕಾಣುವುದಿಲ್ಲ.

ನನ್ನನ್ನು ಹೆಚ್ಚು ಕಾಡಿದುದು ಈ ಹಾರಾಟವಲ್ಲ, ಯಾವ ಚಿತ್ರದಲ್ಲಿಯೂ ತೋರಿಸಲಾರದ ಒಂದು ಸಂಗತಿ. ತೀವ್ರ ತಿರುವಿನಲ್ಲಿ ಚಾಲಕನು ಹೊರಕ್ಕೆಸೆಯಲ್ಪಟ್ಟನೆನ್ನಿ. ದೋಣಿ ನೇರವಾಗಿ ಹೊರಟುಹೋಗುವುದೆಂದು ನಾವು ಎಣಿಸುತ್ತೇವೆ. ಹಿಡಿಯುವವರಿಲ್ಲದ ಮೋಟಾರು ತನ್ನ ತಿರುಗುವಿಕೆಯ ಎಳೆತಕ್ಕೆ ಸಿಕ್ಕಿ ಒಂದು ಪಕ್ಕಕ್ಕೆ ಹೊರಳುತ್ತದೆ. ದೋಣಿ ವೃತ್ತಾಕಾರವಾಗಿ ಸುತ್ತುತ್ತ, ಈಜುತ್ತಿರುವ ಒಡೆಯನ ಮೇಲೆಯೇ ಮರಳಿ ಬರುತ್ತದೆ. ಹರಿತವಾದ ರೆಕ್ಕೆಗಳು ಆಗಲೂ ತಿರುಗುತ್ತಿರುತ್ತವೆ.

ಇದಕ್ಕೆ ಕಂಡುಕೊಂಡ ಉಪಾಯವು ಒಂದು ಸಣ್ಣ ದಾರವೆನ್ನಬಹುದು. ಅದರ ಒಂದು ತುದಿ ಚಾಲಕನ ಮಣಿಕಟ್ಟಿಗೋ ಉಡುಪಿಗೋ, ಇನ್ನೊಂದು ಮೋಟಾರಿನ ಗುಂಡಿಗೆ. ಆತನು ಬಿದ್ದರೆ ದಾರ ಕಳಚುತ್ತದೆ, ಯಂತ್ರ ನಿಲ್ಲುತ್ತದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 26 ಅಡಿಗಿಂತ ಚಿಕ್ಕವಾದ, ಈ ಸಾಧನವನ್ನು ಅಳವಡಿಸಿರುವ ದೋಣಿಗಳ ಚಾಲಕರು ವೇಗದಲ್ಲಿ ಹೋಗುವಾಗ ಇದನ್ನು ಉಪಯೋಗಿಸಬೇಕೆಂಬ ನಿಯಮ ಜಾರಿಗೆ ಬಂದುದು 2021ರ ಏಪ್ರಿಲ್ 1ರಂದು. ಎವಿನ್‌ರೂಡನ ಮೋಟಾರು ಮಾರಾಟಕ್ಕೆ ಬಂದು ಆ ವೇಳೆಗೆ ನೂರು ವರ್ಷಗಳ ಮೇಲೆ ಸಂದಿತ್ತು.

ಇದನ್ನೆಲ್ಲ ಆ ವಿದ್ಯಾರ್ಥಿಗೆ ವಿವರಿಸಿದೆನು. ಅವನು ತಾಳ್ಮೆಯಿಂದ ಕೇಳಿ, “ಒಡೆದುಹೋದ ಆ 17 ದೋಣಿಗಳ ಚಿತ್ರ ಎಲ್ಲಾದರೂ ನೋಡಸಿಕ್ಕುತ್ತದೆಯೇ ಸಾರ್?” ಎಂದನು. ನಿಜ ಹೇಳುವುದಾದರೆ, ನನಗೂ ಅವನ್ನೇ ನೋಡಬೇಕೆಂದಿದೆ.